ರಾಣಿ ಒಲ್ಲೆ ಅಂದಳು

ಹಾವೇರಿಯಲ್ಲಿ ಮನಸ್ಸಿನ ತೊಂದರೆಯವರ ಜೊತೆ ಮಾತಾಡುವುದೇ ನನ್ನ ಕಸುಬು. ಶನಿವಾರ ನಾಲ್ಕೈದು ಜನರನ್ನು ಮೇಜಿನ ಸುತ್ತ ಕೂರಿಸಿ ಕಥೆಯಾಟ ಆಡಿಸುತ್ತೇನೆ. ಕಥೆ ನನ್ನದು; ರಾಣಿ, ಋಷಿ ಆಗಿ ಮಾತಾಡುವವರು ಅವರು. ದಾಳದಲ್ಲಿ ದೊಡ್ಡದು ಬಿದ್ದರೆ ಅವರ ಮಾತು ನಡೆದಂತೆ. ಬದುಕಿನಲ್ಲಿ ಬಾಯಿಗೆ ಬಾರದ ಮಾತು ಆಟದಲ್ಲಾದರೂ ಬರಲಿ ಎಂದು. ಬರುವುದೇನೋ ಬರುತ್ತದೆ, ನಾನು ಅಂದುಕೊಂಡದ್ದು ಮಾತ್ರ ಬರುವುದಿಲ್ಲ.

ಟವೆಲ್ಲಿನ ಕೆಳಗೆ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವರನ್ನು ಋಷಿ ಮಾಡಿ, ನಾನು ರಾಕ್ಷಸನಾಗಿ "ದಾರಿ ಬಿಡೂದಿಲ್ಲ!" ಎಂದು ಅಬ್ಬರಿಸಿದೆ. ಅವರು ಸಿಟ್ಟಾಗಲೇ ಇಲ್ಲ. ಹೆಗಲ ಮೇಲಿನ ಟವೆಲ್ ನನ್ನ ಕೈಮೇಲೆ ಹಾಸಿ, ಹಳೇ ದಲ್ಲಾಳಿಗಳಂತೆ ಅದರ ಕೆಳಗೆ ಗುಟ್ಟಾಗಿ ನನ್ನ ಬೆರಳು ಹಿಡಿದು ದಾರಿ ಬಿಡುವುದಕ್ಕೆ ರೇಟು ಕೇಳಿದರು.

"ಯಜಮಾನ್ರ, ನಾ ರಾಕ್ಷಸ. ವ್ಯಾಪಾರ ಮಾಡೂದಿಲ್ಲ."

"ಮೊದಲಿಗೆ ಎಲ್ಲಾರೂ ಹಂಗ ಅಂತಾರ್ರಿ."

ಕತ್ತಿ ಮತ್ತು ಒರೆ

ರಾಣೆಬೆನ್ನೂರಿನಿಂದ ಅತ್ತೆಯೊಬ್ಬರು ಸೊಸೆಯನ್ನು ಕರೆತಂದರು. "ಯಾರಿಗೂ ಒಲ್ಲೆ ಅನ್ನೂದಿಲ್ರಿ. ಒಳಗೊಳಗ ಕುದ್ದು, ನಿದ್ದಿ ಇಲ್ಲ, ಎದಿ ಡವಡವ ಅಂತೈತಿ. ಒಲ್ಲೆ ಅನ್ನಾಕ ಕಲಿಸ್ರಿ."

"ನಿಮಗೂ ಅನ್ಲೇನ್ರಿ?"

"ನನಗ್ಯಾಕ್ರಿ? ಊರ ಮಂದಿಗೆ ಅನ್ಲಿ."

ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತರು. ಸೊಸೆಯನ್ನು ರಾಣಿ ಮಾಡಿ, ರಾಕ್ಷಸನಾಗಿ ನಾನು ಅವಳ ಕತ್ತಿ ಕೇಳಿದೆ. ತಕ್ಷಣ ಕೊಟ್ಟೇಬಿಟ್ಟಳು. "ಒಲ್ಲೆ ಅನ್ಬೇಕಿತ್ತವಾ" ಅಂದೆ. ಅವಳು ತಲೆ ತಗ್ಗಿಸಿ, "ತಪ್ಪಾತ್ರಿ ಸರ. ಒರಿನೂ ಬೇಕೇನ್ರಿ?" ಅಂದಳು.

ಮನೆಗೆ ಹೋದ ದಾಳ

ಬೆಂಚಿನ ಮೇಲೆ ಬೇಸರವಾಗಿ, ಮುಂದಿನ ವಾರ ಅತ್ತೆಯೇ ಒಳಗೆ ಬಂದರು. "ರಾಕ್ಷಸ ಅಂದ್ರ ಹಿಂಗೇನ್ರಿ? ಸರೀರಿ, ನಾ ಮಾಡಿ ತೋರಸ್ತೇನಿ." ರಕ್ಕಸಿಯಾಗಿ ಕೂತವರೇ ರಾಣಿಯತ್ತ ತಿರುಗಿ, "ಮೊದಲ ನಲವತ್ತು ರೊಟ್ಟಿ ಬಡಿ, ಆಮ್ಯಾಲ ನಿನ್ನ ಕತ್ತಿ ಮಾತು!" ಅಂದರು.

ಪಕ್ಕದಲ್ಲಿದ್ದ ಮೆಣಸಿನಕಾಯಿ ಋಷಿ ಟವೆಲ್ ಬಾಯಿಗೆ ಅಡ್ಡ ಹಿಡಿದು, "ಒಲ್ಲೆ ಅನ್ನವಾ ತಂಗಿ" ಎಂದು ಪಿಸುಗುಟ್ಟಿದರು.

"ಒಲ್ಲೆ," ಅಂದಳು ಸೊಸೆ. ದಾಳ ಹಾಕಿದಳು. ಆರು!

ನನಗೆ ಕುಣಿಯುವಷ್ಟು ಖುಷಿ, ಜೊತೆಗೆ ಅತ್ತೆ ಇನ್ನು ಈಕೆಯನ್ನು ಇಲ್ಲಿಗೆ ಕಳಿಸುವುದಿಲ್ಲವೇನೋ ಎಂಬ ಹೆದರಿಕೆ. ಅತ್ತೆ ದಾಳವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದರಾಗ ಏನೋ ಮೋಸ ಐತಿ. ಮನ್ಯಾಗ ಒಗದು ನೋಡ್ತೇನಿ" ಎಂದು ಎಲೆಅಡಿಕೆ ಸಂಚಿಗೆ ಹಾಕಿಕೊಂಡು, ಸೊಸೆಯನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು.

ಮರುದಿನ ಮುಂಜಾನೆ ಅವರದೇ ಫೋನು. ನನ್ನ ಎದೆಯೂ ಡವಡವ.

"ಸರ, ಇಕಿ ಇವತ್ತ ಖರೇನ ನನಗ ಒಲ್ಲೆ ಅಂದ್ಲು!"

"ನೀವೇನಂದ್ರಿ?"

"ಏನನ್ನೂದು? ದಾಳಾ ಹಾಕು ಅಂದೆ. ಹಾಕಿದ್ಲು."

ಅತ್ತ ಕಡೆಯಿಂದ ಟಪಟಪ ಸದ್ದು ಕೇಳುತ್ತಿತ್ತು. "ಅದೇನ್ರಿ ಸಪ್ಪಳ?"

"ದಾಳದಾಗ ಮೋಸ ಇಲ್ಲ ಬಿಡ್ರಿ. ರೊಟ್ಟಿ ನಾ ಬಡ್ಯಾಕತ್ತೇನಿ."