ತುರುಬಿನ ಕೆಳಗಿನ ಅವರೆಕಾಳು

ಸಮಾಜಸೇವೆ ಮಾಡುವವರನ್ನು ಕಂಡರೆ ಈಚೆಗೆ ನನಗೆ ಸ್ವಲ್ಪ ಗುಮಾನಿ. ಪಾಪ, ಅವರಲ್ಲಿ ಒಳ್ಳೆಯವರೇ ಹೆಚ್ಚು. ಆದರೆ ನಾನೂ ಒಂದು ವಾರ ಸಮಾಜಸೇವೆ ಮಾಡಿದ್ದೇನೆ, ಯಾಕೆ ಮಾಡಿದೆ ಅಂತ ನನಗೆ ಗೊತ್ತು. ಹುಣಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು ನಾನು. ಹೊರದೇಶದ ವೈದ್ಯರ ತಂಡವೊಂದು ಸರಗೂರಿಗೆ ಬಂದು ಉಚಿತ ಶಿಬಿರ ನಡೆಸುತ್ತದೆ, ಅವರ ಇಂಗ್ಲಿಷನ್ನು ಜನಕ್ಕೂ ಜನರ ಕಾಯಿಲೆಯನ್ನು ಅವರಿಗೂ ದಾಟಿಸುವವರು ಬೇಕಂತೆ ಎಂದು ತಿಳಿದ ಕೂಡಲೇ ಹೆಸರು ಕೊಟ್ಟೆ. ಬೀದಿಯವರೆಲ್ಲ ಈ ವಯಸ್ಸಿನಲ್ಲೂ ಎಂಥ ಮನಸ್ಸು ಎಂದು ಕೊಂಡಾಡಿದರು. ನಾನೂ ತಲೆ ತಗ್ಗಿಸಿ ಕೊಂಡಾಡಿಸಿಕೊಂಡೆ. ತಗ್ಗಿಸುವಾಗ ತುರುಬಿನ ಮೇಲೆ ಒಂದು ಕೈ ಇಟ್ಟುಕೊಂಡಿದ್ದೆ.

ವಿಷಯ ಇದ್ದದ್ದೇ ಆ ತುರುಬಿನ ಕೆಳಗೆ. ನಾಲ್ಕು ತಿಂಗಳ ಹಿಂದೆ ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ ಕತ್ತಿನ ಹಿಂದೆ ಬೆರಳಿಗೊಂದು ಗಂಟು ಸಿಕ್ಕಿತು. ಅವರೆಕಾಳಿನಷ್ಟು. ನೋವಿಲ್ಲ, ತುರಿಕೆಯಿಲ್ಲ. ನೋಯದ ಗಂಟೇ ಅಪಾಯ ಎಂದು ಯಾರೋ ಯಾವಾಗಲೋ ಹೇಳಿದ್ದು ಆಗಲೇ ನೆನಪಾಗಬೇಕೇ? ಮೊಬೈಲಿನಲ್ಲಿ ಹುಡುಕಿದೆ. ನಾಲ್ಕನೇ ಸಾಲಿಗೆ ಕೈಕಾಲು ತಣ್ಣಗಾಯಿತು. ಹತ್ತನೇ ಸಾಲಿಗೆ ನನ್ನ ತಿಥಿಯ ಅಡುಗೆಗೆ ನಮ್ಮ ಯಜಮಾನರು ಯಾರನ್ನು ಕರೆಯುತ್ತಾರೋ ಎಂಬ ಚಿಂತೆ ಹತ್ತಿತು. ಅವರು ಯಾವಾಗಲೂ ಕರೆಸುವ ಅಡುಗೆಯವನ ಸಾರು ಬರೀ ನೀರು. ನಮ್ಮ ಕಡೆ ಆ ಕಾಯಿಲೆಯ ಹೆಸರೆತ್ತುವುದಿಲ್ಲ, 'ದೊಡ್ಡ ಕಾಯಿಲೆ' ಎನ್ನುತ್ತಾರೆ. ನಾನು ಅಷ್ಟನ್ನೂ ಬಾಯಿಂದ ಹೊರಡಿಸಲಿಲ್ಲ. ಹುಣಸೂರಿನ ಡಾಕ್ಟರುಗಳು ನನ್ನ ಶಿಷ್ಯರು, ಇಲ್ಲವೇ ಶಿಷ್ಯರ ಅಳಿಯಂದಿರು. ಒಬ್ಬರಿಗೆ ತೋರಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಯಜಮಾನರಿಗೆ ಹೇಳಿದರೆ ಅವರ ಬಿ.ಪಿ. ಏರುತ್ತದೆ. ಹಾಗಾಗಿ ಜಡೆ ಬಿಟ್ಟು, ಗಂಟು ಮುಚ್ಚುವ ಹಾಗೆ ಇಳಿಬಿದ್ದ ತುರುಬು ಕಟ್ಟತೊಡಗಿದೆ. ಕಂಡವರೆಲ್ಲ ಲಕ್ಷಣವಾಗಿದೆ ಎಂದರು. ನನಗೆ ಒಳಗೊಳಗೇ ಅಳು.

ಈಗ ಅರ್ಥವಾಯಿತಲ್ಲ, ಸಮಾಜಸೇವೆ? ಹೊರದೇಶದವರಾದರೆ ಗುಟ್ಟನ್ನು ತಮ್ಮ ಜೊತೆಗೇ ವಿಮಾನ ಹತ್ತಿಸಿಕೊಂಡು ಹೋಗುತ್ತಾರೆ.

ಶಿಬಿರ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ 'ಶುಭವಿವಾಹ' ಥರ್ಮಾಕೋಲ್ ಅಕ್ಷರಗಳನ್ನು ಯಾರೂ ಕಿತ್ತಿರಲಿಲ್ಲ. ಅದರ ಕೆಳಗೆ, ಹೆಣ್ಣುಗಂಡು ಕೂರುವ ಜಾಗದಲ್ಲಿ, ಹೆಲೆನ್ ಎಂಬ ಡಾಕ್ಟರಮ್ಮ ಕೂತಿದ್ದರು. ಜನ ಮುಯ್ಯಿ ಮಾಡಲು ಬಂದವರ ಹಾಗೆ ಸಾಲಾಗಿ ಮೆಟ್ಟಿಲು ಹತ್ತಿ ಬರುತ್ತಿದ್ದರು. ಬಂದವರು ಬಾಯಿ ಬಿಡುತ್ತಿರಲಿಲ್ಲ, ಅದೇ ಕಷ್ಟ. ಮುಂಗೈ ಚಾಚಿ ಸುಮ್ಮನೆ ಕೂರುವುದು. ನಾಡಿ ಹಿಡಿದು ಕಾಯಿಲೆ ಹೇಳಬೇಕಾದವರು ಡಾಕ್ಟರು, ಇದು ನಮ್ಮವರ ಲೆಕ್ಕ. ನಾನು ಕ್ಲಾಸಿನ ದನಿ ತೆಗೆದು ಒಬ್ಬೊಬ್ಬರನ್ನೂ ಗದರಿಸಿದೆ. ಎರಡು ದಿನದಲ್ಲಿ ಗಂಟಲು ಕಟ್ಟಿತೇ ಹೊರತು ನನ್ನ ಗಂಟಿನ ಮಾತೆತ್ತಲು ಧೈರ್ಯ ಬರಲಿಲ್ಲ.

ಮೂರನೇ ದಿನ ಅಂತರಸಂತೆ ಕಡೆಯ ಮಾದಮ್ಮ ಎಂಬ ಅಜ್ಜಿ ಬಂದರು. ಅವರೂ ಮುಂಗೈ ಚಾಚಿದರು. ಏನು ತೊಂದರೆ ಅಂತ ಹೇಳದಿದ್ದರೆ ಹೇಗಜ್ಜಿ ಎಂದು ರೇಗಿದೆ. "ನಾನೇ ಯೋಳಂಗಿದ್ರೆ ಡಾಕ್ಟ್ರು ಯಾಕವ್ವಾ?" ಎಂದರು. ಕೊನೆಗೆ, ಮಂಡಿ ನೋವು ಎಂದು ಒಪ್ಪಿಕೊಂಡರು.

ಆಗ ನನಗೆ ಆ ಕೆಟ್ಟ ಬುದ್ಧಿ ಬಂತು. ಮಂಡಿ ನೋವನ್ನು ಇಂಗ್ಲಿಷಿಗೆ ದಾಟಿಸಿದವಳು ಅದರ ಹಿಂದೆಯೇ, ಈ ಅಜ್ಜಿಗೆ ಕತ್ತಿನ ಹಿಂದೆ ನಾಲ್ಕು ತಿಂಗಳಿಂದ ಒಂದು ಗಂಟಿದೆ, ನೋವಿಲ್ಲ, ಅಪಾಯವೇ ಎಂದು ಸೇರಿಸಿಬಿಟ್ಟೆ. ಡಾಕ್ಟರಮ್ಮ ಬಾಯಲ್ಲೇ ಉತ್ತರ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಅಜ್ಜಿಯ ಸೆರಗು ಸರಿಸಿ ಕತ್ತನ್ನು ಒತ್ತತೊಡಗಿದರು. ಅಲ್ಲಿ ಏನಿದೆ, ಮಣ್ಣು! ಎಲ್ಲಿ, ಸರಿಯಾಗಿ ತೋರಿಸಿ ಎಂದರು. ನನ್ನ ಕೈ ತಾನಾಗಿ ಎದ್ದು ನನ್ನದೇ ತುರುಬಿನ ಕೆಳಗೆ ಹೋಗಿ ನಿಂತಿತು.

ಅಜ್ಜಿ ಒಮ್ಮೆ ಡಾಕ್ಟರನ್ನು ನೋಡಿದರು, ಒಮ್ಮೆ ನನ್ನ ಕೈಯನ್ನು ನೋಡಿದರು. "ಮಂಡಿ ಅಂದ್ರೆ ಈಯಮ್ಮ ಯಾಕೆ ಕತ್ತು ಹಿಸುಕ್ತಾವ್ಳೆ ಅಂತಿದ್ದೆ" ಎನ್ನುತ್ತ ಸ್ಟೂಲಿನಿಂದ ಎದ್ದು, ನನ್ನ ರಟ್ಟೆ ಹಿಡಿದು ಅದರ ಮೇಲೆ ಕೂರಿಸಿದರು. "ನೀವು ಮೊದ್ಲು ತೋರುಸ್ಕಳಿ ಟೀಚರಮ್ಮ. ನನ್ ಮಂಡಿ ಎಲ್ಲಿಗೂ ಓಗಾಕಿಲ್ಲ."

ಮೂವತ್ತು ವರ್ಷ ಕಲಿಸಿದ ಇಂಗ್ಲಿಷಿನಲ್ಲಿ ಒಂದೇ ಒಂದು ಶಬ್ದ ಬಾಯಿಗೆ ಬರಲಿಲ್ಲ. ಬೆನ್ನು ತಿರುಗಿಸಿ, ತುರುಬು ಎತ್ತಿ, ಸುಮ್ಮನೆ ಕೂತೆ. ಅಜ್ಜಿಯೇ ಎರಡು ಬೆರಳಿನಲ್ಲಿ ಗಂಟಿನ ಗಾತ್ರ ತೋರಿಸಿ ಡಾಕ್ಟರಿಗೆ ತಿಳಿಸಿದರು. ಡಾಕ್ಟರಮ್ಮ ಒತ್ತಿದರು, ಅತ್ತಿತ್ತ ಜರುಗಿಸಿದರು, ಏನೇನೋ ಕೇಳಿದರು. ಕಡೆಗೆ, ಇದು ಬರೀ ಕೊಬ್ಬು ಎಂದು ಕಾಣುತ್ತದೆ, ಹೆದರಬೇಡಿ, ಖಾತ್ರಿಗೆ ಒಮ್ಮೆ ಮೈಸೂರಿನಲ್ಲಿ ತೋರಿಸಿ ಎಂದರು. ಕೊಬ್ಬು! ಯಾರಾದರೂ ಹಾಗೆ ಅಂದರೆ ಎಷ್ಟು ಸಂತೋಷವಾಗಬಹುದು ಎಂದು ಅಂದೇ ಗೊತ್ತಾದದ್ದು. ಮುಂದಿನ ವಾರ ಮೈಸೂರಿನಲ್ಲೂ ಪರೀಕ್ಷೆ ಮಾಡಿ ಅದನ್ನೇ ಹೇಳಿದರು. ಆದರೆ ನಾನು ಅಲ್ಲೇ, 'ಶುಭವಿವಾಹ'ದ ಕೆಳಗೆ, ಹೆಣ್ಣೊಪ್ಪಿಸಿಕೊಟ್ಟ ತಾಯಿಯ ಹಾಗೆ ಅತ್ತೆ. ಅಜ್ಜಿ ಸೆರಗಿನಿಂದ ನನ್ನ ಮುಖ ಒರೆಸಿ, ಈಗ ನನ್ನ ಮಂಡಿ ವಿಷಯ ಸರಿಯಾಗಿ ಹೇಳಿ ಎಂದರು. ಹೇಳಿದೆ, ಒಂದಕ್ಷರ ಹೆಚ್ಚು ಕಡಿಮೆ ಮಾಡದೆ.

ಸಂಜೆ ಮನೆಗೆ ಬಂದವಳೇ ಯಜಮಾನರನ್ನು ಕೂರಿಸಿ, ಬಿ.ಪಿ. ಮಾತ್ರೆ ನುಂಗಿಸಿ, ಎಲ್ಲ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಿದರು.

"ಆ ಗಂಟಾ? ಅದು ಹತ್ತು ವರ್ಷದಿಂದ ಅಲ್ಲೇ ಇದೆಯಲ್ಲೇ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ.

"ನಿನ್ನ ಕತ್ತು. ನಿಂಗೆ ಗೊತ್ತಿರಲ್ವಾ ಅಂದ್ಕೊಂಡೆ. ನೀನೂ ಕೇಳ್ಲಿಲ್ಲ."

ಬಾಯಿ ಬಿಟ್ಟು ಹೇಳ್ರೋ ಎಂದು ಮೂವತ್ತು ವರ್ಷ ಮಕ್ಕಳ ಮೇಲೆ, ಮೂರು ದಿನ ರೋಗಿಗಳ ಮೇಲೆ ಹಾರಾಡಿದವಳು, ಮಗ್ಗುಲಲ್ಲೇ ಇದ್ದ ಉತ್ತರಕ್ಕೆ ನಾಲ್ಕು ತಿಂಗಳು ಮುಂಗೈ ಚಾಚಿ ಕೂತಿದ್ದೆ. ಮಾರನೆಯ ದಿನ ಜಡೆ ಹಾಕಿಕೊಂಡು ಸರಗೂರಿನ ಬಸ್ಸು ಹತ್ತಿದೆ. ಶಿಬಿರ ಇನ್ನೂ ನಾಲ್ಕು ದಿನ ಇತ್ತು. ಸಮಾಜಸೇವೆ ಅಂತ ನಾನು ಮಾಡಿದ್ದೇನಾದರೂ ಇದ್ದರೆ ಆ ನಾಲ್ಕು ದಿನದ್ದೇ. ಸುಮ್ಮನೆ ಕೈ ಚಾಚಿದ ಯಾರನ್ನೂ ಗದರಿಸಲಿಲ್ಲ.