ಎರಡು ಊರಿನ ನಡುವೆ ಹರ್ಬರ್ಟ್

ಮನುಕುಲ ಇನ್ನೂ ಬಗೆಹರಿಸಬೇಕಾದ ಗುರುತರ ಪ್ರಶ್ನೆಗಳಲ್ಲಿ, ಉತ್ತರ ಇಂಗ್ಲೆಂಡಿನ ಬರ್ನ್ಲಿ ಮತ್ತು ಬ್ಲ್ಯಾಕ್‌ಬರ್ನ್ ಎಂಬ ಊರುಗಳಲ್ಲಿ ಯಾವುದರ ಈಜುಕೊಳ ಮೇಲು ಎಂಬುದೂ ಒಂದು. ಕೊಲ್ಲಿ ದೇಶದ ಸನದ್ ಎಂಬ ಊರಿನ ಏರ್‌ಕಂಡೀಷನರ್ ಕಂಪನಿಯೊಂದರಲ್ಲಿ ಇದು ಆರು ವರ್ಷದಿಂದ ಉರಿಯುತ್ತಿತ್ತು. ಮ್ಯಾನೇಜರ್ ಕ್ಲೆಗ್ ಬರ್ನ್ಲಿಯವರು. ಫೈನಾನ್ಸಿನ ಹಾವರ್ತ್ ಬ್ಲ್ಯಾಕ್‌ಬರ್ನಿನವರು. ರಜೆಯ ಅರ್ಜಿಗೆ ಇಬ್ಬರ ಸಹಿಯೂ ಬೇಕು.

ಹಿರಿಯ ಗುಮಾಸ್ತ ಹರ್ಬರ್ಟರಿಗೆ ಡಿಸೆಂಬರ್ ಇಪ್ಪತ್ತರಿಂದ ಎರಡು ವಾರ ರಜೆ ಬೇಕಿತ್ತು. ಮಂಗಳೂರಿನಲ್ಲಿ ತಂಗಿಯ ಮಗಳು ಡೈನಾಳ ಮದುವೆ. ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ವಧುವಿಗೆ ತೆಂಗಿನ ಹಾಲು ಹಚ್ಚಲು ಸೋದರಮಾವ ಬೇಡವೇ? ತಂಗಿ ಫೋನಿನಲ್ಲೇ ಗುಡುಗಿದ್ದಳು: “ಮೂರು ಮದುವೆ ತಪ್ಪಿಸಿದ್ದಿ. ಇದಕ್ಕೂ ಬರದಿದ್ದರೆ ಮತ್ತೆ ನನ್ನ ಮೆಟ್ಟಿಲು ಹತ್ತಬೇಡ.”

“ಅವರವರ ಊರು ಹೊಗಳಿ ಸರ್, ಸಹಿ ತಾನಾಗೇ ಬೀಳತ್ತೆ,” ಎಂದ ಪಕ್ಕದ ಮೇಜಿನ ಬೆಂಗಳೂರಿನ ವಿಕಾಸ್.

ಗುರುವಾರ ಬೆಳಿಗ್ಗೆ ಹರ್ಬರ್ಟ್ ಕ್ಲೆಗ್‌ರ ಕೋಣೆಗೆ ಹೋಗಿ ಬರ್ನ್ಲಿಯ ಹತ್ತಿ ಗಿರಣಿಗಳ, ಹಬೆ ಯಂತ್ರದ ಹೊಗಳಿಕೆಯನ್ನು ಚರ್ಚಿನ ಪ್ರಾರ್ಥನೆಯಂತೆ ಒಪ್ಪಿಸಿದರು. ಕ್ಲೆಗ್‌ರ ಕಣ್ಣು ತುಂಬಿತು. ಸಹಿ ಹಾಕಿ, ಕೆಳಗೆ ಪ್ರೀತಿಯಿಂದ ಒಂದು ಸಾಲನ್ನೂ ಬರೆದರು: ‘ಯಾವ ಊರು ಮೇಲೆಂದು ಬಲ್ಲ ಮನುಷ್ಯ.’

ಹಾವರ್ತ್ ಆ ಸಾಲನ್ನೇ ಮೊದಲು ಓದಿದರು. ಬ್ಲ್ಯಾಕ್‌ಬರ್ನಿನ ಮಾರುಕಟ್ಟೆಯ ಬಗ್ಗೆ ಹರ್ಬರ್ಟ್ ಬಾಯಿ ತೆರೆಯುವ ಮೊದಲೇ ಅರ್ಜಿ ಹಿಡಿದು ಕಾರಿಡಾರಿಗೆ ನುಗ್ಗಿದರು. ಆ ಕಡೆಯಿಂದ ಕ್ಲೆಗ್ ಬಂದರು.

“ನಿಮ್ಮದೂ ಒಂದು ಲೈಬ್ರರಿಯೇ?” ಎಂದು ಕ್ಲೆಗ್ ಕೆಣಕಿದರು.

“ನಿಮ್ಮ ಕಾಲುವೆಯಲ್ಲಿ ಬಾತುಕೋಳಿಯೂ ಈಜುವುದಿಲ್ಲ!”

“ಕಾಲುವೆ ಒಂದೇ ಕಣಯ್ಯಾ, ನಮ್ಮಲ್ಲಿಂದಲೇ ನಿಮ್ಮಲ್ಲಿಗೆ ಬರುವುದು!”

ಇಡೀ ಆಫೀಸು ಚಹಾದ ಲೋಟ ಹಿಡಿದು ಸುತ್ತ ನೆರೆಯಿತು. “ಖಲಾಸ್ ಸರ್, ನಿಮ್ಮ ರಜೆ ಹೋಯ್ತು,” ಎಂದು ವಿಕಾಸ್ ಪಿಸುಗುಟ್ಟಿದ. ಅರ್ಜಿ ಹಾವರ್ತ್‌ರ ಮುಷ್ಟಿಯಲ್ಲಿ ಕರವಸ್ತ್ರದಷ್ಟಾಗಿತ್ತು.

ಮದುವೆಯ ಮಂಟಪದಲ್ಲಿ ಎರಡು ಕಡೆಯವರು ಜಗಳವಾಡಿದರೆ ಹರ್ಬರ್ಟರ ಊರಿನ ಹಿರಿಯರು ನ್ಯಾಯ ಹೇಳುವುದಿಲ್ಲ, ಸಂಬಂಧ ಹುಡುಕುತ್ತಾರೆ. ಹರ್ಬರ್ಟರೂ ನಡುವೆ ನಿಂತು, ಮಂಗಳೂರಿನ ರಾಗದ ಇಂಗ್ಲಿಷಿನಲ್ಲಿ ಶುರುಮಾಡಿಯೇಬಿಟ್ಟರು. “ಒಂದು ನಿಮಿಷ ನಿಲ್ಲಿ ಮಾರಾಯ್ರೆ. ಕ್ಲೆಗ್ ಸರ್, ನಿಮ್ಮ ಅಜ್ಜಿ ಎಲ್ಲಿ ಕೆಲಸ ಮಾಡುತ್ತಿದ್ದದ್ದು?”

“ಗಿರಣಿಯಲ್ಲಿ. ನೇಯುತ್ತಿದ್ದಳು. ಮಗ್ಗದ ಗದ್ದಲದಲ್ಲಿ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು.”

“ನಮ್ಮಜ್ಜಿಯೂ ಹಾಗೇ,” ಎಂದರು ಹಾವರ್ತ್, ಬೇಡವೆಂದರೂ ಬಾಯಿಗೆ ಬಂದಂತೆ.

“ಹೌದಾ? ಹೆಸರೆಂತ? ತವರು ಎಲ್ಲಿ? ಅಕ್ಕತಂಗಿಯರು ಎಷ್ಟು ಜನ?”

“ನೆಲ್ಲಿ. ತವರು ಬರ್ನ್ಲಿಯಂತೆ, ಅದನ್ನು ಮನೆಯಲ್ಲಿ ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಎಡಿತ್ ಎಂಬ ಅಕ್ಕ ಇದ್ದಳಂತೆ.”

ಕ್ಲೆಗ್‌ರ ಕೈಯಲ್ಲಿದ್ದ ಚಹಾದ ಲೋಟ ಓರೆಯಾಯಿತು. “ಎಡಿತ್ ನನ್ನ ಅಜ್ಜಿ! ತಂಗಿ ಬ್ಲ್ಯಾಕ್‌ಬರ್ನಿನವನನ್ನು ಕಟ್ಟಿಕೊಂಡಳೆಂದು ಸಾಯುವತನಕ ಹೆಸರೆತ್ತಲಿಲ್ಲ.”

“ಮತ್ತೆಂತ?” ಹರ್ಬರ್ಟ್ ಕೈ ಚಾಚಿ ತೀರ್ಪು ಕೊಟ್ಟರು. “ನೀವು ಅಣ್ಣ-ತಮ್ಮ!”

ಇಬ್ಬರು ಆಂಗ್ಲರು ಕಾರಿಡಾರಿನಲ್ಲಿ ತಬ್ಬಿಕೊಂಡರು. ಚಪ್ಪಾಳೆ ಕೆಳಗಿನ ಶೋರೂಮಿಗೂ ಕೇಳಿಸಿತು. ವಿಕಾಸ್ ಹರ್ಬರ್ಟರನ್ನು ಎತ್ತಲು ಹೋಗಿ, ತೂಕ ನೋಡಿ ಕೈಬಿಟ್ಟ. ಹಾವರ್ತ್ ಮುದುಡಿದ ಅರ್ಜಿಯನ್ನು ಗೋಡೆಗೊತ್ತಿ ನೀವಿ, ಸಹಿ ಹಾಕಿದರು. ಆರು ವರ್ಷದಲ್ಲಿ ಒಂದೇ ಕಾಗದದ ಮೇಲೆ ಎರಡು ಸಹಿ ಒಂದೇ ದಿನ ಕಂಡದ್ದು ಅದೇ ಮೊದಲು.

ಸಂಜೆ ನಾಲ್ಕಕ್ಕೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹರ್ಬರ್ಟರ ಮೇಜಿಗೆ ಬಂದರು.

“ಈ ಕ್ರಿಸ್‌ಮಸ್‌ಗೆ ಇಬ್ಬರೂ ಒಟ್ಟಿಗೆ ಊರಿಗೆ ಹೋಗುತ್ತಿದ್ದೇವೆ,” ಎಂದರು ಕ್ಲೆಗ್. “ಎರಡು ಮನೆಯವರೂ ಸೇರಬೇಕು. ಇಷ್ಟು ವರ್ಷ ಒಬ್ಬರು ಹೋದರೆ ಇನ್ನೊಬ್ಬರು ಇಲ್ಲಿ ಉಳಿಯುತ್ತಿದ್ದೆವು. ಈಗ ಆಫೀಸನ್ನು ನಂಬಿಕೆಯ ಮನುಷ್ಯನಿಗೆ ಒಪ್ಪಿಸಬೇಕು.”

ಹಾವರ್ತ್ ಟೈಪು ಮಾಡಿದ ಕಾಗದ ಮುಂದಿಟ್ಟರು. ಡಿಸೆಂಬರ್ ಇಪ್ಪತ್ತರಿಂದ ಎರಡು ವಾರ ಹರ್ಬರ್ಟ್ ಹಂಗಾಮಿ ಮ್ಯಾನೇಜರ್. ಕೆಳಗೆ ಇಬ್ಬರ ಸಹಿಯೂ ಇತ್ತು. ಆಫೀಸು ಮತ್ತೆ ಚಪ್ಪಾಳೆ ತಟ್ಟಿತು.

ಹರ್ಬರ್ಟರ ರಜೆ ರದ್ದಾಯಿತು.