ಆರು ಮೀನುಗಳ ಆಯ್ಕೆಯ ಕುರಿತು

ನ್ಯೂಜಿಲೆಂಡಿನ ಹಟ್ ಕಣಿವೆ ಕನ್ನಡ ಕೂಟದ ಮತ್ಸ್ಯ ಆಯ್ಕೆ ಉಪಸಮಿತಿಯು ನಲವತ್ತು ಲೀಟರಿನ ಗಾಜಿನ ತೊಟ್ಟಿಗೆ ಆರು ಮೀನು ಆರಿಸಲು ಹನ್ನೊಂದು ಸಭೆ ನಡೆಸಿತೆಂದೂ, ಹನ್ನೊಂದಕ್ಕೂ ಕೋರಂ ಇತ್ತೆಂದೂ ಈ ಮೂಲಕ ತಿಳಿಸಲಾಗಿದೆ. ಉಪ್ಪಿಟ್ಟು ಮಾತ್ರ ಒಂದು ಸಲ ಸಾಲಲಿಲ್ಲ.

ಯೋಜನೆಯ ಉದ್ದೇಶ: ಮಕ್ಕಳನ್ನು ಭಾನುವಾರದ ಕನ್ನಡ ತರಗತಿಗೆ ಸೆಳೆದು, ಅವರ ಬಾಯಿಂದ ಒಂದಾದರೂ ಪೂರ್ತಿ ಕನ್ನಡ ವಾಕ್ಯ ಹೊರಡಿಸುವುದು. ಲೋವರ್ ಹಟ್‌ನಲ್ಲಿ ನೀರು ಪರೀಕ್ಷೆಯ ಕೆಲಸ ಮಾಡುವ ನೀಲಗಂಗಾಳನ್ನು ತಜ್ಞ ಸದಸ್ಯೆಯಾಗಿ ನೇಮಿಸಿದರು. ಪಾಪ, ಅವಳಿಗೆ ಪದವಿಯ ಆಸೆಯೇನೂ ಇರಲಿಲ್ಲ. ಎಂಟು ವರ್ಷದ ಮಗಳು ವಚನಾ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದಳು. ಊರಿಗೆ ವಿಡಿಯೋ ಕಾಲ್ ಹಚ್ಚಿಕೊಟ್ಟರೆ ಅಜ್ಜಿ ಅತ್ತ, ಮೊಮ್ಮಗಳು ಇತ್ತ, ಇಬ್ಬರೂ ಪಿಳಿಪಿಳಿ ನೋಡುತ್ತ ಕೂಡುತ್ತಿದ್ದರು. ನಡುವೆ ಕೂತು ಅತ್ತಿಂದಿತ್ತ ಮಾತು ದಾಟಿಸುವ ಕೆಲಸ ನೀಲಗಂಗಾಳದು. ತರಗತಿಗೆ ಬರಲು ವಚನಾಳ ಷರತ್ತು ಒಂದೇ: "ಓನ್ಲಿ ಇಫ್ ದೆರ್ ಆರ್ ಫಿಶ್."

"ಮೊದ್ಲ ನಾಕೈದು ವಾರ ಮೀನಿಲ್ದ ಬರೇ ನೀರು ಓಡ್ಸಿ ತೊಟ್ಟಿ ಹದಕ್ಕ ತರಬೇಕ್ರಿ," ಎಂದಳು ನೀಲಗಂಗಾ ಮೊದಲ ಸಭೆಯಲ್ಲಿ. "ಆಮ್ಯಾಲ ಒಂದಽ ಜಾತಿವು, ಆರು ಸಣ್ಣ ಮೀನ ಸಾಕು."

"ಒಂದೇ ಜಾತೀನಾ?" ಅಧ್ಯಕ್ಷ ವಾಸುದೇವ್ ಕನ್ನಡಕ ತೆಗೆದರು. ಅವರು ಮೈಸೂರಿನವರು. "ಕೂಟದಲ್ಲಿ ಎಲ್ಲಾ ಭಾಗದವರೂ ಇದ್ದಾರಮ್ಮ."

"ಹೌದ್ರಿ ಮತ್ತ. ನಮ್ಮ ಕಡೀವು ಎರಡರ ಇರ್ಬೇಕು," ಎಂದರು ಕಲಬುರಗಿಯ ಶರಣಬಸಪ್ಪ. ಇಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದು ಅದೇ ಮೊದಲು.

ಆರು ಮೀನು, ಆರು ಜಾತಿ ಎಂದು ಪ್ರದೇಶವಾರು ಹಂಚಿಕೆಯಾಯಿತು. ಉತ್ತರದ ಪಾಲಿಗೆ ಬಂದ ಮೀನು ದಕ್ಷಿಣದ್ದನ್ನು ತಿಂದುಹಾಕುತ್ತದೆ ಎಂದು ನೀಲಗಂಗಾ ಎಚ್ಚರಿಸಿದಳು. ಕೂಟದ ಆವರಣದಲ್ಲಿ ಮಾಂಸಾಹಾರ ನಿಷಿದ್ಧವಾದ್ದರಿಂದ ಸಮಿತಿ ಇದನ್ನು ಗಂಭೀರವಾಗಿ ಪರಿಗಣಿಸಿ ನಿಯಮ ಏಳಕ್ಕೆ ತಿದ್ದುಪಡಿ ತಂದಿತು: ಆಯ್ಕೆಯಾಗುವ ಮೀನು ಸಸ್ಯಾಹಾರಿಯಾಗಿರತಕ್ಕದ್ದು; ಆ ಬಗ್ಗೆ ಅಂಗಡಿಯಿಂದ ದೃಢೀಕರಣ ಪತ್ರ ಪಡೆಯತಕ್ಕದ್ದು.

ಅಂಗಡಿಯ ಸ್ಥಳೀಯ ಹುಡುಗಿ ಅರ್ಜಿಯನ್ನು ಎರಡು ಸಲ ಓದಿ, ಗಾಜಿನ ಪಾಚಿ ನೆಕ್ಕಿಕೊಂಡಿರುವ ಒಂದು ಮೀನು ತೋರಿಸಿದಳು. ಬೆಳೆದರೆ ಒಂದೂವರೆ ಅಡಿ. ತೊಟ್ಟಿಯ ಉದ್ದವೂ ಅಷ್ಟೇ.

"ಹಾಗಿದ್ರೆ ಸರಿಯಾಗಿ ಕೂರುತ್ತೆ," ಎಂದರು ವಾಸುದೇವ್.

"ಅದು ತಿರುಗೂದು ಹ್ಯಾಂಗ್ರಿ?" ಎಂದಳು ನೀಲಗಂಗಾ.

ತಿರುಗುವ ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು.

ಅಷ್ಟರಲ್ಲಿ ರಾಜ್ಯೋತ್ಸವ ಬಂತು. ಆಮಂತ್ರಣ ಹೋಗಿಯಾಗಿತ್ತು, ಮುಹೂರ್ತ ಮೀರುವಂತಿರಲಿಲ್ಲ. ಮೀನಿಲ್ಲದ ತೊಟ್ಟಿಯನ್ನೇ ಉದ್ಘಾಟಿಸಿ, ನೂರಿಪ್ಪತ್ತು ಜನ ಸಾಲಾಗಿ ನಿಂತು ಅದಕ್ಕೆ ಅಕ್ಷತೆ ಹಾಕಿದರು. ನೀರು ಅರಿಶಿನದ ಬಣ್ಣಕ್ಕೆ ತಿರುಗಿದ್ದನ್ನು ನಡಾವಳಿಯಲ್ಲಿ ಶುಭಸೂಚನೆ ಎಂದು ದಾಖಲಿಸಲಾಯಿತು. ಸದ್ಯ, ಒಳಗೆ ಯಾವ ಜೀವವೂ ಇರಲಿಲ್ಲ ಎಂದು ನೀಲಗಂಗಾ ಉಸಿರು ಬಿಟ್ಟಳು. ಮೀನಿಗೆ ಆಹಾರ ಹಾಕುವ ಸರದಿ ಪಟ್ಟಿ ಮಾತ್ರ ಎರಡನೇ ಸಭೆಯಲ್ಲೇ ಮಂಜೂರಾಗಿತ್ತು. ಹಾಗಾಗಿ ಸೋಮವಾರದಿಂದ ಆಹಾರ ಹಾಕತೊಡಗಿದರು.

ಮುಂದಿನ ಭಾನುವಾರ ವಚನಾ ಬಂದಳು. ಗಾಜಿಗೆ ಮೂಗು ಒತ್ತಿ ನೋಡಿದಳು. ಆ ಬದಿ ಹೋದಳು, ಈ ಬದಿ ಬಂದಳು. ಮಗಳಿಗೆ ಮೋಸ ಮಾಡಿದೆನಲ್ಲ ಎಂದು ನೀಲಗಂಗಾಳಿಗೆ ತಲೆ ಎತ್ತಲಾಗಲಿಲ್ಲ.

ವಚನಾ ತಿರುಗಿ ನಿಂತಳು. "ಅವ್ವಾ, ಇದ್ರಾಗ ಮೀನಽ ಇಲ್ಲಲ್ಲ."

ಸಭಾಂಗಣದಲ್ಲಿದ್ದವರೆಲ್ಲ ಅವಳತ್ತ ತಿರುಗಿದರು.

"ಪೂರ್ತಿ ವಾಕ್ಯ," ಎಂದರು ವಾಸುದೇವ್ ಮೆಲ್ಲಗೆ.

"ಅದೂ ನಮ್ಮ ಕಡಿ ಭಾಷಾ," ಎಂದು ಶರಣಬಸಪ್ಪ ಕಣ್ಣೊರೆಸಿಕೊಂಡರು.

ಚಪ್ಪಾಳೆ ನಿಂತ ಮೇಲೆ ಅಲ್ಲೇ ತುರ್ತು ಸಭೆ ಸೇರಿ ನಿರ್ಣಯಿಸಲಾಯಿತು: ಯೋಜನೆಯ ಉದ್ದೇಶ ಮೀನಿಲ್ಲದೆಯೇ ಈಡೇರಿರುವುದರಿಂದ, ಇನ್ನು ಮೀನು ತಂದು ಅದಕ್ಕೆ ಧಕ್ಕೆ ಮಾಡತಕ್ಕದ್ದಲ್ಲ. ಅನುಮೋದಿಸಿದವರು ನೀಲಗಂಗಾ. ಕಣ್ಣು ತುಂಬಿದ್ದರಿಂದ ಅವಳು ಅದನ್ನು ಓದಿರಲಿಲ್ಲ.

ಅಂದು ಅಜ್ಜಿ ಆ ವಾಕ್ಯವನ್ನು ಫೋನಿನಲ್ಲಿ ಏಳು ಸಲ ಹೇಳಿಸಿಕೊಂಡಳು.

ಮಂಗಳವಾರ ನೀಲಗಂಗಾಳ ಸರದಿ. ಹೋಗಿ ತೊಟ್ಟಿಗೆ ಒಂದು ಚಿಟಿಕೆ ಆಹಾರ ಹಾಕಿದಳು. ಆಮೇಲೆ ಸರದಿ ಪಟ್ಟಿಯ ಷರಾ ಕಾಲಮ್ಮಿನಲ್ಲಿ "ಎಲ್ಲಾ ಆರಾಮ ಅದಾವು" ಎಂದು ಬರೆದು, ಸಹಿ ಮಾಡಿ ಕೆಲಸಕ್ಕೆ ಹೋದಳು.